ಬೇಲಿಯೊಳಗಿನ ಬಾಜಿ, ಕಾಣದ ಚೀಟಿ

ಬ್ರಿಟನ್ನಿನಲ್ಲಿ 1961ರ ಮೇ ತಿಂಗಳಿನಿಂದ ಪೇಟೆಬೀದಿಯಲ್ಲೇ ಬಾಜಿಯಂಗಡಿ ತೆರೆಯಲು ಕಾನೂನಿನ ಒಪ್ಪಿಗೆ ಇದ್ದು, ಅಲ್ಲಿನ ಪ್ರತಿ ಅಂಗಡಿಗೂ ಸ್ಥಳೀಯ ಆಡಳಿತದ ಪರವಾನಗಿ ಬೇಕು. ನೀಲಗಿರಿಯ ದಂಡುಪ್ರದೇಶವಾದ ವೆಲ್ಲಿಂಗ್ಟನ್ನಿನಲ್ಲಾಗಲಿ ಅದಕ್ಕೆ ಅಂಟಿಕೊಂಡ ಕೂನೂರಿನಲ್ಲಾಗಲಿ ಅಂಥ ಅಂಗಡಿಯನ್ನು ಯಾರಾದರೂ ತೆರೆದರೆ, ಮದ್ರಾಸ್ ಪ್ರಾಂತದ ಕಾಲದ 1930ರ ಜೂಜು ಕಾಯ್ದೆಯ ಪ್ರಕಾರ ಅದು ಜೂಜುಕಟ್ಟೆ ಎನಿಸಿಕೊಳ್ಳುತ್ತದೆ. ಪೊಲೀಸರು ವಾರಂಟ್ ಪಡೆದು ಒಳಹೊಕ್ಕು ಶೋಧಿಸಬಹುದು. ಕುದುರೆ ಪಂದ್ಯದ ಮೈದಾನದೊಳಗಿನ ಬಾಜಿಗೆ ಮಾತ್ರ ಬೇರೆ ಸ್ಥಾನವಿದೆ. ಕುದುರೆಯ ತಳಿ, ತರಬೇತಿ ಮತ್ತು ಜಾಕಿಯ ಚಾತುರ್ಯವೇ ಪಂದ್ಯದಲ್ಲಿ ಪ್ರಧಾನವಾದುದರಿಂದ ಅದು ಬರಿಯ ಅದೃಷ್ಟದಾಟವಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ, ಮದ್ರಾಸ್ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ತೀರ್ಪಿತ್ತಿತು.

ಮೈದಾನದೊಳಗೆ ಬಾಜಿ ಕಟ್ಟಲು ಎರಡು ದಾರಿಗಳಿವೆ. ಟೋಟ್ ಎಂಬ ಟೋಟಲೈಸೇಟರ್ ವ್ಯವಸ್ಥೆಯಲ್ಲಿ ಎಲ್ಲರ ಹಣವೂ ಒಂದೇ ನಿಧಿಗೆ ಸೇರಿ, ತೆರಿಗೆಯನ್ನೂ ಕ್ಲಬ್ಬಿನ ಪಾಲನ್ನೂ ಕಳೆದು ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಲೆಕ್ಕವೆಲ್ಲ ಯಂತ್ರದಲ್ಲಿ ದಾಖಲಾಗುವುದರಿಂದ ಇದರ ತಪಾಸಣೆ ಸುಲಭ. ಬುಕ್ಕಿಯಾದರೋ ತಾನೇ ದರ ಕೂಗಿ, ತಾನೇ ನಷ್ಟದ ಹೊಣೆ ಹೊತ್ತು ಬಾಜಿ ಪಡೆಯುವವನು. ಅವನು ಚೀಟಿ ಕೊಟ್ಟರೆ ಸರ್ಕಾರಕ್ಕೆ ಲೆಕ್ಕ ಸಿಗುತ್ತದೆ. ಚೀಟಿಯಿಲ್ಲದೆ ಬಾಯಿಮಾತಿನಲ್ಲೇ ಬಾಜಿ ಮುಗಿದರೆ ಎಷ್ಟೇ ನಿಷ್ಠುರ ಅಧಿಕಾರಿ ಬಂದರೂ ಎಣಿಸಲು ಏನೂ ಉಳಿಯುವುದಿಲ್ಲ. ನಿಯಮಪಾಲನೆಯ ತೊಡಕೆಲ್ಲ ಇರುವುದು ಇಲ್ಲಿಯೇ.

ಕರ್ನಾಟಕದಲ್ಲಿ 1952ರ ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯ್ದೆಯಂತೆ ಸರ್ಕಾರದ ಪರವಾನಗಿಯಿಲ್ಲದೆ ಪಂದ್ಯ ನಡೆಸುವಂತಿಲ್ಲ. ಹೀಗಿದ್ದೂ 2024ರ ಜನವರಿಯಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನ ಬುಕ್ಕಿ ಕೌಂಟರುಗಳ ಮೇಲೆ ಸಿಸಿಬಿ ಪೊಲೀಸರು ದಾಳಿ ನಡೆಸಿ, 3 ಕೋಟಿ ರೂಪಾಯಿಗೂ ಹೆಚ್ಚಿನ ನಗದನ್ನು ವಶಪಡಿಸಿಕೊಂಡರು. ಜಿಎಸ್‌ಟಿ ತಪ್ಪಿಸಲಾಗುತ್ತಿತ್ತು ಎಂಬುದು ಅವರ ಆರೋಪವಾಗಿತ್ತು. ಅದೇ ವರ್ಷ ಸರ್ಕಾರ ಪಂದ್ಯಗಳಿಗೆ ಅನುಮತಿ ತಡೆಹಿಡಿದು, ವಿವಾದ ಹೈಕೋರ್ಟಿನ ಮೆಟ್ಟಿಲೇರಿತು.

ತೆರಿಗೆಯ ಭಾರವೂ ಚೀಟಿಯನ್ನು ಮರೆಮಾಡುವ ಆಸೆಯನ್ನು ಬೆಳೆಸುತ್ತದೆ. 2023ರ ಅಕ್ಟೋಬರ್ 1ರಿಂದ ಪಣದ ಪೂರ್ಣ ಮೌಲ್ಯದ ಮೇಲೆ ಶೇ 28ರಷ್ಟಿದ್ದ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೆ ಏರಿದೆ. ದರ ಏರಿಸುವುದು ಒಂದು ಅಧಿಸೂಚನೆಯ ಕೆಲಸ. ಪ್ರತಿ ಪಂದ್ಯದ ದಿನವೂ ಕೌಂಟರಿನ ಎದುರು ನಿಂತು ಚೀಟಿಯನ್ನೂ ನಗದನ್ನೂ ತಾಳೆ ನೋಡಲು ಬೇಕಾದ ಸಿಬ್ಬಂದಿಯನ್ನು ಒದಗಿಸುವುದು ಅಷ್ಟು ಸಲೀಸಲ್ಲ.

ವೆಲ್ಲಿಂಗ್ಟನ್ನಿನಿಂದ ಘಾಟಿ ಹತ್ತಿದರೆ ಸಿಗುವ ಊಟಿಯ ರೇಸ್ ಕೋರ್ಸಿನ ಕಥೆಯಂತೂ ಬೇರೆಯೇ. ಬೇಸಗೆಯ ಪಂದ್ಯಗಳಿಗೆ ಹೆಸರಾಗಿದ್ದ, 50 ಎಕರೆಗೂ ಮಿಕ್ಕಿದ ಆ ಸರ್ಕಾರಿ ಜಮೀನನ್ನು ನೀಲಗಿರಿ ಜಿಲ್ಲಾಡಳಿತವು 2024ರ ಜುಲೈಯಲ್ಲಿ ಮದ್ರಾಸ್ ರೇಸ್ ಕ್ಲಬ್ಬಿನಿಂದ ವಶಕ್ಕೆ ತೆಗೆದುಕೊಂಡಿತು. ಅದಕ್ಕೆ ಕೊಟ್ಟ ಕಾರಣ ಬಾಜಿಯ ನಿಯಮಭಂಗವಲ್ಲ, 822 ಕೋಟಿ ರೂಪಾಯಿ ಗೇಣಿ ಬಾಕಿ.