ಬೆಲ್ಟು ಬಿಗಿಯುವ ಮುನ್ನ ಬಿಚ್ಚಿ ನೋಡಿ

ಮೈಸೂರಿನ ಹೆಬ್ಬಾಳ ಅಂದರೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಇನ್ಫೋಸಿಸ್‌ನ ದೊಡ್ಡ ಆವರಣ, ಪಾಳಿ ಮುಗಿಸಿ ಮನೆಗೆ ಹೊರಟ ಕಾರ್ಮಿಕರು ಕಣ್ಣಮುಂದೆ ಬರುತ್ತಾರೆ. ಅದೇ ಹೆಬ್ಬಾಳದ ಬಡಾವಣೆಗಳಲ್ಲಿ, ಊರಿನ ಬೇರೆಲ್ಲ ಬಡಾವಣೆಗಳಲ್ಲಿರುವಂತೆ, ಕಾಲಿನಿಂದ ತುಳಿಯುವ ಕಪ್ಪು ಮೆಷಿನ್ನಿನ ಮುಂದೆ ಕೂತು ರವಿಕೆ ಹೊಲಿಯುವ, ಸೀರೆಗೆ ಫಾಲ್ಸ್ ಹಚ್ಚುವ ಹೆಂಗಸರಿದ್ದಾರೆ. ಈ ಮೆಷಿನ್ನುಗಳ ಬಗ್ಗೆ ಹೆಚ್ಚಾಗಿ ಕೇಳಿಬರುವ ದೂರುಗಳಲ್ಲಿ ಬೆಲ್ಟು ಜಾರುವುದೂ ಒಂದು. ಕಾಲು ತುಳಿಯುತ್ತಲೇ ಇರುತ್ತದೆ, ಕೆಳಗಿನ ದೊಡ್ಡ ಚಕ್ರ ಸುತ್ತುತ್ತಲೇ ಇರುತ್ತದೆ, ಮೇಲಿನ ಗಾಲಿ ಮಾತ್ರ ತಡೆದು ತಡೆದು ಹೊರಳುತ್ತದೆ. ಬಟ್ಟೆಯ ದಪ್ಪ ಮಡಿಕೆ ಬಂತೆಂದರೆ ಸೂಜಿ ಅಲ್ಲೇ ನಿಂತುಬಿಡುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ: ಬೆಲ್ಟನ್ನು ತುಂಡು ಮಾಡಿ ಬಿಗಿ ಮಾಡುವುದು. ಇದು ಕೊನೆಗೆ ಮಾಡಬೇಕಾದ ಕೆಲಸ, ಮೊದಲು ಮಾಡುವುದಲ್ಲ ಎಂಬುದು ನನ್ನ ವಾದ. ಬೆಲ್ಟು ಜಾರುತ್ತಿದೆ ಎಂದರೆ ಎಷ್ಟೋ ಸಲ ಬೆಲ್ಟು ಸರಿಯಾಗಿಯೇ ಇರುತ್ತದೆ, ಅದು ಎಳೆಯಬೇಕಾದ ಮೆಷಿನ್ ಭಾರವಾಗಿರುತ್ತದೆ.

ಇದು ಏಕೆ ಹೀಗೆ ಎಂದು ತಿಳಿಯಲು ಬೆಲ್ಟು ಹೇಗೆ ಹಿಡಿಯುತ್ತದೆ ಎಂದು ನೋಡಬೇಕು. ಕೊಬ್ಬಿದ ಹೋರಿಯನ್ನು ಹಿಡಿದು ನಿಲ್ಲಿಸಲಾಗದ ಹುಡುಗನೂ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರೆ ತುದಿಯನ್ನು ಸುಲಭವಾಗಿ ಹಿಡಿದುಕೊಳ್ಳುತ್ತಾನೆ. ಹಗ್ಗ ಕಂಬವನ್ನು ಎಷ್ಟು ಸುತ್ತಿದೆ, ಎರಡರ ಮೈ ಎಷ್ಟು ಒರಟು ಎಂಬುದರ ಮೇಲೆ ಹಿಡಿತ ನಿಂತಿದೆ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಹೊಲಿಗೆ ಮೆಷಿನ್ನಿನ ಬೆಲ್ಟಿಗೂ ಇದೇ ಲೆಕ್ಕ. ಕೆಳಗಿನ ಚಕ್ರ ದೊಡ್ಡದು, ಬೆಲ್ಟು ಅದನ್ನು ಅರ್ಧ ಸುತ್ತಿಗಿಂತ ಹೆಚ್ಚು ತಬ್ಬಿರುತ್ತದೆ. ಮೇಲಿನ ಗಾಲಿ ಚಿಕ್ಕದು, ಅಲ್ಲಿ ತಬ್ಬುವುದು ಅರ್ಧ ಸುತ್ತಿಗಿಂತ ಕಡಿಮೆ. ಹಾಗಾಗಿ ಜಾರಾಟ ಶುರುವಾಗುವುದು ಸಾಮಾನ್ಯವಾಗಿ ಮೇಲೆಯೇ. ಗಾಲಿಯ ತೋಡು ಕೆಳಕ್ಕೆ ಹೋದಂತೆ ಕಿರಿದಾಗಿರುತ್ತದೆ. ಬೆಲ್ಟು ಅದರ ಎರಡು ಪಕ್ಕಗಳ ನಡುವೆ ಸಿಕ್ಕಿಕೊಂಡು ಹಿಡಿತ ಪಡೆಯಬೇಕು. ಸವೆದು ತೆಳ್ಳಗಾದ ಬೆಲ್ಟು ತೋಡಿನ ತಳಕ್ಕೇ ಇಳಿದು ಕೂರುತ್ತದೆ, ಪಕ್ಕಗಳ ಒತ್ತು ತಪ್ಪುತ್ತದೆ. ಇಷ್ಟೆಲ್ಲ ಸರಿಯಿದ್ದರೂ ಬೆಲ್ಟಿನ ಹಿಡಿತಕ್ಕೆ ಒಂದು ಮಿತಿಯಿದೆ. ಮೆಷಿನ್ ಕೇಳುವ ಬಲ ಆ ಮಿತಿಯನ್ನು ದಾಟಿದರೆ ಹೊಸ ಬೆಲ್ಟೂ ಜಾರುತ್ತದೆ.

ತಪ್ಪು ಯಾವ ಕಡೆ ಇದೆ ಎಂದು ಕಂಡುಹಿಡಿಯಲು ಸಲಕರಣೆ ಬೇಡ. ಬೆಲ್ಟನ್ನು ಮೇಲಿನ ಗಾಲಿಯಿಂದ ಕಳಚಿ, ನೂಲು ತೆಗೆದು, ಬಟ್ಟೆ ಒತ್ತುವ ಪಾದವನ್ನು ಎತ್ತಿಟ್ಟು, ಗಾಲಿಯನ್ನು ಎರಡು ಬೆರಳಿನಿಂದ ನಿಮ್ಮ ಕಡೆಗೆ ತಿರುಗಿಸಿ. ನಯವಾಗಿ, ಎಲ್ಲೂ ತಡೆಯದೆ ಸುತ್ತಿದರೆ ತಪ್ಪು ಬೆಲ್ಟಿನದೇ ಇರಬಹುದು. ಬಿಗಿಯಾಗಿದ್ದರೆ, ಅಥವಾ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಅಡ್ಡ ಹಿಡಿದರೆ, ತಪ್ಪು ಮೆಷಿನ್ನಿನ ಒಳಗಿದೆ. ಶಟಲ್ ಕೂರುವ ಜಾಗದಲ್ಲಿ ಸಿಕ್ಕಿಕೊಂಡ ಒಂದೆರಡು ಎಳೆ ನೂಲು, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲಿನ ಕೆಳಗೆ ಗಟ್ಟಿಯಾಗಿ ಕೂತ ಜುಂಗು, ಒಣಗಿ ಅಂಟಾದ ಎಣ್ಣೆ, ಇವು ಸಾಮಾನ್ಯ ಅಪರಾಧಿಗಳು. ನಮ್ಮ ಮನೆಗಳಲ್ಲಿ ಕೊನೆಯದ್ದಕ್ಕೆ ವಿಶೇಷ ಕಾರಣವೊಂದಿದೆ: ಮೆಷಿನ್ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆ ಬಿಡುವ ರೂಢಿ. ಕೊಬ್ಬರಿ ಎಣ್ಣೆ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಜಿಗುಟಾಗಿ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆಯ ತೂತುಗಳಿಗೆ ತುಸು ಸೀಮೆಎಣ್ಣೆ ಬಿಟ್ಟು, ಗಾಲಿಯನ್ನು ಹತ್ತಿಪ್ಪತ್ತು ಸುತ್ತು ತಿರುಗಿಸಿ, ಹೊರಬರುವ ಕಂದು ಕೊಳೆಯನ್ನು ಒರೆಸಿ, ಆಮೇಲೆ ಹೊಲಿಗೆ ಮೆಷಿನ್ನಿನ ತೆಳು ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಗಾಲಿ ಮತ್ತೆ ಎರಡು ಬೆರಳಿಗೆ ಒಲಿದರೆ, ಅದೇ ಹಳೆಯ ಬೆಲ್ಟು ಜಾರದೆ ಎಳೆಯುವ ಸಾಧ್ಯತೆಯೇ ಹೆಚ್ಚು. ಬೆಲ್ಟು ಕಳಚಿರುವಾಗಲೇ ಪೆಡಲನ್ನೂ ಒಮ್ಮೆ ತುಳಿದು ನೋಡಿ. ಕೆಳಗಿನ ಚಕ್ರ ತುಸು ಹೊತ್ತು ತಾನಾಗಿ ಓಡದಿದ್ದರೆ ಅಲ್ಲಿಗೂ ಎಣ್ಣೆ ಬೇಕು.

ಬೆಲ್ಟಿನ ಮೇಲೆ ಸುಳ್ಳು ಆಪಾದನೆ ಬರುವ ಇನ್ನೊಂದು ಸಂದರ್ಭವೂ ಇದೆ. ಗಾಲಿ ಸುತ್ತುತ್ತದೆ, ಸೂಜಿ ಅಲ್ಲಾಡುವುದಿಲ್ಲ. ಬಾಬಿನ್‌ಗೆ ನೂಲು ಸುತ್ತುವಾಗ ಗಾಲಿಯ ನಡುವಿನ ಗುಂಡು ತಿರುಪನ್ನು ಸಡಿಲಿಸುತ್ತೇವೆ. ಅದನ್ನು ಮತ್ತೆ ಬಿಗಿಯಲು ಮರೆತರೆ ಹೀಗಾಗುತ್ತದೆ. ಬಿಗಿದರೂ ಸರಿಹೋಗದಿದ್ದರೆ ತಿರುಪಿನ ಹಿಂದಿರುವ, ಕಿವಿಗಳುಳ್ಳ ವಾಷರನ್ನು ತೆಗೆದು ಅರ್ಧ ಸುತ್ತು ಹೊರಳಿಸಿ ಹಾಕಿದರೆ ಎಷ್ಟೋ ಸಲ ಕೂಡಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ ಬರುವ ಆಕ್ಷೇಪಣೆ ನ್ಯಾಯವಾದದ್ದೇ: ಬೆಲ್ಟಿಗೆ ಹೆಚ್ಚು ದುಡ್ಡಿಲ್ಲ, ಕತ್ತರಿಸಿ ಬಿಗಿಯಲು ಐದು ನಿಮಿಷ ಸಾಕು, ಮೆಷಿನ್ ಬಿಚ್ಚುತ್ತಾ ಕೂರುವುದೇಕೆ? ಬಿಗಿದ ಕೂಡಲೇ ಮೆಷಿನ್ ಓಡುತ್ತದೆ ಎಂಬುದೂ ನಿಜ. ಆದರೆ ಬಿಗಿದ ಬೆಲ್ಟು ಗಾಲಿಯ ದಂಡವನ್ನು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಆ ದಂಡ ತಿರುಗುವುದು ಎಣ್ಣೆಯ ತೆಳು ಪದರದ ಮೇಲೆ. ಎಳೆತ ಹೆಚ್ಚಾದರೆ ಪದರ ಹಿಂಡಿಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ. ಮೆಷಿನ್ ಇನ್ನಷ್ಟು ಭಾರವಾಗುತ್ತದೆ, ಬೆಲ್ಟು ಮತ್ತೆ ಜಾರುತ್ತದೆ, ಮತ್ತೆ ಬಿಗಿಯುತ್ತೇವೆ. ಬೆಲ್ಟು ಹೋದರೆ ಹೊಸದು ಸಿಗುತ್ತದೆ. ದಂಡದ ಬುಷ್ ಸವೆದರೆ ರಿಪೇರಿ ದೊಡ್ಡದು. ಬೆಲ್ಟಿಗೆ ರಾಳದ ಪುಡಿಯನ್ನೋ ಸೀಮೆಸುಣ್ಣವನ್ನೋ ಹಚ್ಚುವ ಉಪಾಯವೂ ಚಾಲ್ತಿಯಲ್ಲಿದೆ. ಎಣ್ಣೆ ತಾಗಿ ಜಾರುತ್ತಿರುವ ಬೆಲ್ಟಿಗೆ ಸೀಮೆಸುಣ್ಣದ ಪುಡಿ ಆ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಭಾರವಾದ ಮೆಷಿನ್ನಿಗೆ ಅದು ಏನೂ ಮಾಡದು.

ಬೆಲ್ಟೇ ನಿಜವಾಗಿ ಸಡಿಲವಾಗಿದ್ದರೆ ಬಿಗಿಯಲೇಬೇಕು. ಕಾಲುಮೆಷಿನ್ನಿನ ಚರ್ಮದ ಬೆಲ್ಟು ಸುಮಾರು 5 ಮಿಲಿಮೀಟರ್ ದಪ್ಪ, 6 ಅಡಿ ಉದ್ದ. ಎರಡು ತುದಿಯನ್ನು ತಂತಿಯ ಕೊಂಡಿಯಿಂದ ಸೇರಿಸಿರುತ್ತಾರೆ. ಚರ್ಮ ದಿನವೂ ಎಳೆತ ತಿಂದು ಉದ್ದವಾಗುತ್ತದೆ. ಮಳೆಗಾಲದ ತೇವ ಹೀರಿದಾಗ ಇನ್ನೂ ಮೆತ್ತಗಾಗುತ್ತದೆ. ಹಾಗಾಗಿ ಜಿಟಿಜಿಟಿ ಮಳೆಯ ದಿನ ಸಡಿಲ ಕಂಡಿತೆಂದು ಅವಸರದಿಂದ ಕತ್ತರಿಸಬಾರದು. ಕೊಂಡಿಯ ಒಂದು ಕಾಲನ್ನು ಇಕ್ಕಳದಿಂದ ಬಿಡಿಸಿ, ಕಾಲಿಂಚಿನಷ್ಟನ್ನೇ ನೇರವಾಗಿ ಕತ್ತರಿಸಿ, ತುದಿಯಿಂದ ಇನ್ನೊಂದು ಕಾಲಿಂಚು ಒಳಗೆ ದಬ್ಬಳದಿಂದ ತೂತು ಮಾಡಬೇಕು. ತೂತು ತುದಿಗೆ ತೀರಾ ಹತ್ತಿರವಾದರೆ ಚರ್ಮ ಹರಿಯುತ್ತದೆ. ಕೊಂಡಿಯನ್ನು ತೂರಿಸಿ ಅದರ ಕಾಲನ್ನು ಬೆಲ್ಟಿನ ಮೈಗೆ ಹತ್ತುವಂತೆ ಮಡಚಿ ಒತ್ತಬೇಕು. ಚಾಚಿಕೊಂಡರೆ ಗಾಲಿ ದಾಟುವಾಗಲೆಲ್ಲ ಟಕ್ ಟಕ್ ಎನ್ನುತ್ತದೆ, ತೋಡನ್ನೂ ಗೀರುತ್ತದೆ. ಜಾರುವುದು ನಿಂತಿತೆಂದರೆ ಸಾಕು, ಅದಕ್ಕಿಂತ ಬಿಗಿ ಬೇಡ. ಒಣಗಿ ಬಿರುಕು ಬಿಟ್ಟ, ತೋಡಿನ ತಳ ಮುಟ್ಟಿದ ಬೆಲ್ಟನ್ನು ಮಾತ್ರ ಬದಲಾಯಿಸಿ.

ಮೋಟಾರು ಹಾಕಿಸಿದರೆ ಈ ತಾಪತ್ರಯವೇ ಇರುವುದಿಲ್ಲ ಎನ್ನುವವರಿದ್ದಾರೆ. ಮೊಣಕಾಲು ನೋವಿರುವವರಿಗೆ, ದಿನವಿಡೀ ಹೊಲಿಯುವವರಿಗೆ ಮೋಟಾರು ಬೇಕೇ ಬೇಕು. ಆದರೆ ಮೋಟಾರಿಗೂ ಒಂದು ರಬ್ಬರ್ ಬೆಲ್ಟು ಇರುತ್ತದೆ, ಅದೂ ಜಾರುತ್ತದೆ; ಹಿಡಿಕೆಯ ತಿರುಪು ಸಡಿಲಿಸಿ ಮೋಟಾರನ್ನು ತುಸು ಸರಿಸಿ ಬಿಗಿ ಸರಿಪಡಿಸಬೇಕು. ಮೆಷಿನ್ ಭಾರವಾದದ್ದು ಕಾಲಿಗೆ ಮೊದಲ ದಿನವೇ ತಿಳಿಯುತ್ತದೆ. ಮೋಟಾರು ಬಿಸಿಯಾಗಿ ವಾಸನೆ ಬರುವವರೆಗೂ ತಿಳಿಸುವುದಿಲ್ಲ. ಯಂತ್ರಗಳನ್ನು ಅಷ್ಟು ಟೀಕಿಸಿದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು, ಅದು ಮನುಷ್ಯನ ಶ್ರಮವನ್ನು ಹಗುರ ಮಾಡುತ್ತದೆ ಎಂಬ ಕಾರಣಕ್ಕೆ. ಎಣ್ಣೆ ಕಾಣದೆ ಬಿಗಿದುಕೊಂಡ ಮೆಷಿನ್ ಆ ವಿನಾಯಿತಿಗೆ ಅರ್ಹವಲ್ಲ. ಅದು ತುಳಿಯುವವರ ಸೊಂಟಕ್ಕೆ ಹೊಸ ಶ್ರಮ ಸೇರಿಸುತ್ತದೆ.

ಹಳೆಯದನ್ನು ಬಿಟ್ಟು ಹೊಸದು ತರಬಾರದೇ, ಸರ್ಕಾರವೇ ನೆರವು ಕೊಡುತ್ತದಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. 5ರಿಂದ 7 ದಿನಗಳ ಮೂಲ ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಅದರಲ್ಲಿದೆ. ಮೆಷಿನ್ ಇಲ್ಲದವರಿಗೆ ಇದು ದೊಡ್ಡ ಆಸರೆ. ಆದರೆ ಎಣ್ಣೆ ಬಿಡದಿದ್ದರೆ ಹೊಸ ಮೆಷಿನ್ನೂ ಕೆಲವು ವರ್ಷಗಳಲ್ಲಿ ಹಳೆಯದರಂತೆಯೇ ಭಾರವಾಗುತ್ತದೆ. ಆ ತರಬೇತಿಯಲ್ಲಿ ಅರ್ಧ ದಿನವನ್ನಾದರೂ ಬೆಲ್ಟು ಕಳಚಿ ಗಾಲಿ ತಿರುಗಿಸಿ ನೋಡುವುದಕ್ಕೆ, ಎಣ್ಣೆಯ ತೂತುಗಳನ್ನು ಗುರುತಿಸುವುದಕ್ಕೆ, ಕೊಂಡಿ ಹಾಕುವುದಕ್ಕೆ ಮೀಸಲಿಡಬೇಕು. ಸಲಕರಣೆಗಳ ಪಟ್ಟಿಯಲ್ಲಿ ಒಂದು ಹೆಚ್ಚುವರಿ ಬೆಲ್ಟು, ನಾಲ್ಕು ಕೊಂಡಿ, ಒಂದು ಬಾಟಲಿ ಮೆಷಿನ್ ಎಣ್ಣೆ ಇರಬೇಕು.