ಹಳೆಯ ಜಾವಾ, ಯೆಜ್ಡಿ ಮಾಲೀಕರಿಗೆ ನಿಯಮಗಳ ಏರುಹಾದಿ

ಮೈಸೂರು: ನಗರದ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಕಾರ್ಖಾನೆ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳು ರಸ್ತೆಯಿಂದ ಮರೆಯಾಗಿಲ್ಲ. ಗೇರ್ ಹಾಕುವ ಸನ್ನೆಯನ್ನೇ ಮೇಲೆತ್ತಿ ಕಿಕ್ ಹೊಡೆಯುವ ಆ ವಾಹನಗಳನ್ನು ಮನೆಯ ಸದಸ್ಯರಂತೆ ಕಾಪಾಡಿಕೊಂಡು ಬಂದವರು ಮೈಸೂರು, ಬೆಂಗಳೂರು ಮಾತ್ರವಲ್ಲದೆ ನಾಡಿನ ಅನೇಕ ಊರುಗಳಲ್ಲಿದ್ದಾರೆ. ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸುವ ಅಭಿಮಾನಿಗಳ ಉತ್ಸಾಹವೂ ಕುಂದಿಲ್ಲ.

ಆದರೆ ಹಳೆಯ ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡರೆ ಮಾತ್ರ ಸಾಲದು. ಅದರ ಕಾಗದಪತ್ರಗಳೂ ಸುಸ್ಥಿತಿಯಲ್ಲಿರಬೇಕು. ನೋಂದಣಿ ನವೀಕರಣ, ಹೊಗೆ ತಪಾಸಣೆ, ಹೊಸ ಬಗೆಯ ನಂಬರ್ ಪ್ಲೇಟ್, ಎಥೆನಾಲ್ ಬೆರೆತ ಪೆಟ್ರೋಲ್, ಗುಜರಿ ನೀತಿ ಹೀಗೆ ಒಂದರ ಹಿಂದೊಂದು ಬಂದ ನಿಯಮಗಳು ಮಾಲೀಕರಲ್ಲಿ ಆತಂಕವನ್ನೂ ಗೊಂದಲವನ್ನೂ ಮೂಡಿಸಿವೆ. ಯಾವ ನಿಯಮ ಏನು ಹೇಳುತ್ತದೆ, ಯಾವುದು ಕೇವಲ ವದಂತಿ ಎಂಬುದರ ವಿವರ ಇಲ್ಲಿದೆ.

ಹದಿನೈದು ವರ್ಷದ ಗಡಿ

ಹದಿನೈದು ವರ್ಷ ತುಂಬಿದ ಗಾಡಿಯನ್ನು ಗುಜರಿಗೆ ಹಾಕಲೇಬೇಕು ಎಂಬ ಮಾತು ವ್ಯಾಪಕವಾಗಿದೆ. ಕರ್ನಾಟಕದಲ್ಲಿ ಖಾಸಗಿ ದ್ವಿಚಕ್ರ ವಾಹನಗಳ ಮಟ್ಟಿಗೆ ಇದು ಸರಿಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿ ಪತ್ರದ ಅವಧಿ 15 ವರ್ಷ. ಅವಧಿ ಮುಗಿದ ನಂತರ ವಾಹನವನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತಪಾಸಣೆಗೆ ಒಡ್ಡಿ, ನೋಂದಣಿಯನ್ನು ಮತ್ತೆ 5 ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಹೀಗೆ ಎಷ್ಟು ಬಾರಿ ನವೀಕರಿಸಬಹುದು ಎಂಬುದಕ್ಕೆ ಕಾಯ್ದೆ ಮಿತಿ ಹಾಕಿಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ಗುಜರಿ ನೀತಿಯೂ ಖಾಸಗಿ ವಾಹನಗಳನ್ನು ವಯಸ್ಸಿನ ಆಧಾರದ ಮೇಲೆ ನಾಶಪಡಿಸುವಂತೆ ಹೇಳುವುದಿಲ್ಲ. ವಾಹನ ಯೋಗ್ಯ ಸ್ಥಿತಿಯಲ್ಲಿದೆಯೇ ಇಲ್ಲವೇ ಎಂಬುದೇ ಅಲ್ಲಿನ ಅಳತೆಗೋಲು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ವಾಹನಗಳ ನೋಂದಣಿ ನವೀಕರಣ ನಿಂತಿರುವುದು ಸರ್ಕಾರಿ ಇಲಾಖೆ, ನಿಗಮಗಳಿಗೆ ಸೇರಿದ ವಾಹನಗಳಿಗೆ. ಈ ಸುದ್ದಿಯೇ ಬಾಯಿಂದ ಬಾಯಿಗೆ ಹರಡುವಾಗ ಎಲ್ಲ ವಾಹನಗಳಿಗೂ ಅನ್ವಯಿಸುತ್ತದೆ ಎಂಬ ರೂಪ ಪಡೆದಿದೆ.

ಹೆಚ್ಚಿದ ಶುಲ್ಕ

ನವೀಕರಣಕ್ಕೆ ಅಡ್ಡಿ ಇಲ್ಲದಿದ್ದರೂ ಅದರ ವೆಚ್ಚ ಏರುತ್ತಲೇ ಬಂದಿದೆ. 2022ರ ಏಪ್ರಿಲ್‌ಗೆ ಮುನ್ನ ಮೋಟಾರ್‌ಸೈಕಲ್ ನೋಂದಣಿ ನವೀಕರಣಕ್ಕೆ 300 ರೂಪಾಯಿ ಇತ್ತು. ಆ ತಿಂಗಳಿನಿಂದ ಅದು 1,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ ಹೊರಬಿದ್ದ ಅಧಿಸೂಚನೆ 20 ವರ್ಷ ಮೀರಿದ ವಾಹನಗಳನ್ನು ಪ್ರತ್ಯೇಕ ವರ್ಗವಾಗಿಸಿ, ಮೋಟಾರ್‌ಸೈಕಲ್‌ಗಳಿಗೆ 2,000 ರೂಪಾಯಿ ನಿಗದಿಪಡಿಸಿತು. ವಿದೇಶದಿಂದ ಆಮದಾದ ದ್ವಿಚಕ್ರ ವಾಹನವಾದರೆ ಈ ಮೊತ್ತ 20,000 ರೂಪಾಯಿ.

ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಕಟ್ಟಕಡೆಯ ಯೆಜ್ಡಿಗೂ 20 ವರ್ಷ ದಾಟಿರುವುದರಿಂದ, ಅವೆಲ್ಲವೂ ಹೆಚ್ಚಿನ ಶುಲ್ಕದ ವರ್ಗಕ್ಕೇ ಸೇರುತ್ತವೆ. ಇದರ ಜೊತೆಗೆ ರಾಜ್ಯ ಸರ್ಕಾರದ ಹಸಿರು ತೆರಿಗೆಯನ್ನೂ ತೆರಬೇಕಾಗುತ್ತದೆ.

ನಿಜವಾದ ಹೊರೆ ಬೀಳುವುದು ನವೀಕರಣವನ್ನು ಮರೆತವರ ಮೇಲೆ. ತಡವಾದ ಪ್ರತಿ ತಿಂಗಳಿಗೆ ಮೋಟಾರ್‌ಸೈಕಲ್‌ಗೆ 300 ರೂಪಾಯಿ ಹೆಚ್ಚುವರಿ ಶುಲ್ಕವಿದೆ. ಒಂದು ವರ್ಷ ತಡವಾದರೆ 3,600 ರೂಪಾಯಿ. ತಂದೆಯ ಕಾಲದ ಗಾಡಿ ಹಿತ್ತಿಲ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದು, ಮಗ ಅದಕ್ಕೆ ಜೀವ ತುಂಬಲು ಹೊರಟಾಗ ಮೆಕ್ಯಾನಿಕ್‌ನ ಬಿಲ್ಲಿಗಿಂತ ಕಾಗದಪತ್ರದ ಬಾಕಿಯೇ ಭಾರವೆನಿಸುವುದು ಇದೇ ಕಾರಣಕ್ಕೆ.

ಐವತ್ತು ತುಂಬಿದರೆ ವಿಂಟೇಜ್

ಪಾರಂಪರಿಕ ವಾಹನಗಳಿಗೆ ಪ್ರತ್ಯೇಕ ಮಾನ್ಯತೆ ಬೇಕೆಂಬ ಬೇಡಿಕೆಗೆ ಕೇಂದ್ರ ಸಾರಿಗೆ ಸಚಿವಾಲಯ ಸ್ಪಂದಿಸಿದ್ದು 2021ರ ಜುಲೈನಲ್ಲಿ. ಕೇಂದ್ರ ಮೋಟಾರು ವಾಹನ ನಿಯಮಾವಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯ ದಿನದಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ‘ವಿಂಟೇಜ್’ ಎನಿಸುತ್ತವೆ. ಚಾಸಿಸ್, ಹೊರಕವಚ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.

ಈ ಮಾನ್ಯತೆ ತಾನಾಗಿ ದೊರೆಯುವುದಿಲ್ಲ. ವಿಮೆ ಪತ್ರ ಮತ್ತು ಹಳೆಯ ನೋಂದಣಿ ಪತ್ರದೊಂದಿಗೆ ಅರ್ಜಿ ಸಲ್ಲಿಸಬೇಕು. ರಾಜ್ಯ ಮಟ್ಟದ ಸಮಿತಿ ವಾಹನವನ್ನು ಪರಿಶೀಲಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಹೊಸದಾಗಿ ನೋಂದಣಿಯಾಗುವ ವಾಹನಕ್ಕೆ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಈಗಾಗಲೇ ನೋಂದಣಿಯಾದ ವಾಹನ ತನ್ನ ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ‘ಎಂವೈ’ ಅಕ್ಷರಗಳಿಂದ ಆರಂಭವಾಗುವ ಮೈಸೂರು ರಾಜ್ಯದ ಕಾಲದ ಸಂಖ್ಯೆಯನ್ನು ಹೆಮ್ಮೆಯಿಂದ ಉಳಿಸಿಕೊಂಡವರಿಗೆ ಇದು ಸಮಾಧಾನದ ಸಂಗತಿ.

ಆದರೆ ಇಲ್ಲೊಂದು ಷರತ್ತಿದೆ. ವಿಂಟೇಜ್ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲೀ ವಾಣಿಜ್ಯ ಉದ್ದೇಶಕ್ಕಾಗಲೀ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಪ್ರತಿದಿನ ಮಾರುಕಟ್ಟೆಗೋ ತೋಟಕ್ಕೋ ಜಾವಾದಲ್ಲೇ ಹೋಗಿಬರುವವರಿಗೆ ಈ ಗೌರವ ದುಬಾರಿಯಾಗಬಹುದು.

ನಡುವೆ ಸಿಲುಕಿದವರು

ಹದಿನೈದಕ್ಕೂ ಐವತ್ತಕ್ಕೂ ನಡುವಿನ ವಾಹನಗಳಿಗೆ ಯಾವ ವಿಶೇಷ ಮಾನ್ಯತೆಯೂ ಇಲ್ಲ ಎಂಬುದು ಗಮನಾರ್ಹ. 1961ರಲ್ಲಿ ತಯಾರಿಕೆ ಆರಂಭಿಸಿದ ಐಡಿಯಲ್ ಜಾವಾದ ಮೊದಲ ಗಾಡಿಗಳು 50 ದಾಟಿ ಬಹುಕಾಲವಾಗಿದೆ. 1978ರಲ್ಲಿ ನೋಂದಣಿಯಾದ ಯೆಜ್ಡಿ ರೋಡ್‌ಕಿಂಗ್ ಅರ್ಹತೆ ಪಡೆಯುವುದು 2028ರಲ್ಲಿ. 1985ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಯಮಹಾ ಆರ್‌ಎಕ್ಸ್ 100 ಗಾಡಿಗಳಲ್ಲಿ ಅತ್ಯಂತ ಹಳೆಯವೂ 2035ರವರೆಗೆ ಕಾಯಬೇಕು. ಅಲ್ಲಿಯವರೆಗೆ ನಿಯಮದ ಕಣ್ಣಿನಲ್ಲಿ ಇವು ಕೇವಲ ಹಳೆಯ ಗಾಡಿಗಳು. ಐದು ವರ್ಷಕ್ಕೊಮ್ಮೆ ನವೀಕರಣ ತಪ್ಪಿದ್ದಲ್ಲ.

ಬಿಡಿಭಾಗದ ಸಂಕಟ

ಕಾಯ್ದೆಯ 52ನೇ ಸೆಕ್ಷನ್ ನೋಂದಣಿ ಪತ್ರದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಇಂತಹ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಶಿಕ್ಷೆ ವಿಧಿಸಲು ಅವಕಾಶವಿದೆ.

ತಯಾರಿಕೆಯೇ ನಿಂತುಹೋದ ವಾಹನಕ್ಕೆ ಮೂಲ ಬಿಡಿಭಾಗ ಹುಡುಕುವುದು ಸುಲಭವಲ್ಲ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮರಳಿ ಬಂದಿವೆಯಾದರೂ ಹೊಸ ಗಾಡಿಗಳದ್ದು ಫೋರ್ ಸ್ಟ್ರೋಕ್ ಎಂಜಿನ್. ಟೂ ಸ್ಟ್ರೋಕ್ ಎಂಜಿನ್‌ನ ಹಳೆಯ ಗಾಡಿಗೆ ಅದರಿಂದ ಪ್ರಯೋಜನವಿಲ್ಲ. ಹೀಗಾಗಿ ಎರಡು ಗಾಡಿಗಳ ಭಾಗ ಸೇರಿಸಿ ಒಂದನ್ನು ಓಡುವಂತೆ ಮಾಡುವುದು ಮೆಕ್ಯಾನಿಕ್‌ಗಳಿಗೆ ಅನಿವಾರ್ಯ. ಎಂಜಿನ್ ಬದಲಾಗಿ ಅದರ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗದಿದ್ದರೆ ತಪಾಸಣೆಯ ವೇಳೆ ತೊಡಕು ಎದುರಾಗುತ್ತದೆ.

ಹೊಗೆಗೆ ವಯಸ್ಸಿನ ರಿಯಾಯಿತಿ

ಟೂ ಸ್ಟ್ರೋಕ್ ಗಾಡಿಗೆ ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾಗಲು ಸಾಧ್ಯವೇ ಇಲ್ಲ ಎಂಬುದೂ ತಪ್ಪು ಕಲ್ಪನೆ. ಬಿಎಸ್-6 ಮಾನದಂಡ 2020ರ ಏಪ್ರಿಲ್‌ನಿಂದ ಜಾರಿಗೆ ಬಂದಿರುವುದು ಹೊಸ ವಾಹನಗಳಿಗೆ. ನಿಯಮ 115ರ ಪ್ರಕಾರ 2000ದ ಮಾರ್ಚ್ 31ರೊಳಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಇಂಗಾಲದ ಮೊನಾಕ್ಸೈಡ್ ಮಿತಿ ಶೇಕಡ 4.5 ಮತ್ತು ಹೈಡ್ರೋಕಾರ್ಬನ್ ಮಿತಿ 9,000 ಪಿಪಿಎಂ. ಕಾರ್ಬೊರೇಟರ್ ಸರಿಯಾಗಿ ಹೊಂದಿಸಿ, ಪೆಟ್ರೋಲ್‌ಗೆ ಬೆರೆಸುವ ಎಣ್ಣೆಯ ಪ್ರಮಾಣ ಮೀರದಂತೆ ನೋಡಿಕೊಂಡರೆ ಈ ಮಿತಿಯೊಳಗೆ ಉಳಿಯುವುದು ಕಷ್ಟವಲ್ಲ. ಇಂತಹ ವಾಹನಗಳಿಗೆ ಪತ್ರದ ಅವಧಿ 6 ತಿಂಗಳು.

ನಂಬರ್ ಪ್ಲೇಟ್ ಮತ್ತು ಪೆಟ್ರೋಲ್

2019ರ ಏಪ್ರಿಲ್ 1ಕ್ಕೆ ಮುನ್ನ ನೋಂದಣಿಯಾದ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ಎಂದೇ ಪರಿಚಿತವಾದ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಕಡ್ಡಾಯಗೊಳಿಸಿ ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಗಡುವು ಹಲವು ಬಾರಿ ವಿಸ್ತರಣೆಯಾಯಿತು. ಬುಕಿಂಗ್ ಆರಂಭವಾಗುವುದೇ ತಯಾರಕ ಕಂಪನಿಯ ಹೆಸರನ್ನು ಆಯ್ಕೆ ಮಾಡುವುದರಿಂದ. ತಯಾರಕನೇ ಇಲ್ಲದ ಗಾಡಿಯ ಮಾಲೀಕನಿಗೆ ಮೊದಲ ತೊಡಕು ಅಲ್ಲಿಯೇ. ಮುಂದಿನ ಮಡ್‌ಗಾರ್ಡ್‌ನ ಬಾಗಿಗೆ ಹೊಂದುವ ಹಳೆಯ ಫಲಕದ ಜಾಗದಲ್ಲಿ ಚಪ್ಪಟೆ ಅಲ್ಯುಮಿನಿಯಂ ಫಲಕ ಕೂರಿಸುವುದು ಎರಡನೆಯ ತೊಡಕು.

ಇನ್ನು ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ 2025ರಲ್ಲಿ ದೇಶದಾದ್ಯಂತ ಬಳಕೆಗೆ ಬಂತು. ಎಥೆನಾಲ್ ತೇವಾಂಶವನ್ನು ಹೀರುವುದರಿಂದ ಹೆಚ್ಚು ದಿನ ನಿಲ್ಲುವ ಗಾಡಿಯ ಟ್ಯಾಂಕ್ ಒಳಭಾಗ ತುಕ್ಕು ಹಿಡಿಯುವ ಸಂಭವ ಹೆಚ್ಚು. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ತಿಳಿಸಿತ್ತು. ಎಥೆನಾಲ್ ರಹಿತ ಪೆಟ್ರೋಲ್ ಆಯ್ಕೆಯೂ ಇರಬೇಕೆಂದು ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಜಾಗೊಳಿಸಿತು.

ದೆಹಲಿಯ ಪರಿಸ್ಥಿತಿ ಬೇರೆ

ದೆಹಲಿ ಮತ್ತು ರಾಷ್ಟ್ರ ರಾಜಧಾನಿ ವಲಯದಲ್ಲಿ ಮಾತ್ರ ವಯಸ್ಸೇ ಮಾನದಂಡ. 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿರ್ಬಂಧ ಹೇರಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡವೆಂದ ಕೋರ್ಟ್, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ನಂತರದ ವಾಹನಗಳಿಗೆ ಸೀಮಿತಗೊಳಿಸಿತು. ಅಲ್ಲಿನ ಸುದ್ದಿ ಓದಿ ಇಲ್ಲಿನ ಗಾಡಿಯನ್ನು ಗುಜರಿಗೆ ಮಾರಿದರೆ ನಷ್ಟ ಮಾಲೀಕನದ್ದೇ.

ಮಾಲೀಕರು ಗಮನಿಸಬೇಕಾದ್ದು

ನೋಂದಣಿ ಪತ್ರದಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ವಾಹನದ ಸಂಖ್ಯೆಗಳೊಂದಿಗೆ ಹೊಂದುತ್ತವೆಯೇ ಎಂದು ಮೊದಲು ನೋಡಬೇಕು. ಕೈಬರಹದ ಹಳೆಯ ಪುಸ್ತಕದ ವಿವರಗಳು ಗಣಕೀಕೃತ ದಾಖಲೆಗೆ ಸೇರಿವೆಯೇ ಎಂಬುದನ್ನು ಸಾರಿಗೆ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಅವಧಿ ಮುಗಿಯುವ ಮುನ್ನ 60 ದಿನಗಳೊಳಗೆ ನಮೂನೆ 25ರಲ್ಲಿ ನವೀಕರಣದ ಅರ್ಜಿ ಸಲ್ಲಿಸಬಹುದು. ಮಾಲೀಕರು ನಿಧನರಾಗಿದ್ದರೆ ವಾರಸುದಾರರು 30 ದಿನಗಳಲ್ಲಿ ಮಾಹಿತಿ ನೀಡಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ಮೂರನೇ ವ್ಯಕ್ತಿ ವಿಮೆಯಂತೂ ಕಡ್ಡಾಯ.

ಕೆಟ್ಟ ಎಂಜಿನ್ ಅನ್ನು ಸರಿಪಡಿಸಬಲ್ಲ ಹಳೆಯ ಕೈಗಳು ಮೈಸೂರಿನಲ್ಲಿ ಇನ್ನೂ ಇವೆ. ಆದರೆ ಕಾಗದ ಕೈತಪ್ಪಿದರೆ ಎಷ್ಟೇ ಚೆನ್ನಾಗಿ ಓಡುವ ಗಾಡಿಯಾದರೂ ಅಂಗಳ ದಾಟುವಂತಿಲ್ಲ. ಹಳೆಯ ಜಾವಾವನ್ನು ಮುಂದಿನ ತಲೆಮಾರಿಗೆ ದಾಟಿಸಬೇಕೆನ್ನುವವರು ಟೂಲ್ ಬಾಕ್ಸ್‌ನಷ್ಟೇ ಜೋಪಾನವಾಗಿ ಕಾಗದದ ಕಡತವನ್ನೂ ಕಾಯ್ದುಕೊಳ್ಳುವುದು ಒಳಿತು.