ಮಾನವರನ್ನೊಳಗೊಂಡ ಸಂಶೋಧನೆ: ಅದರ ವ್ಯಾಪ್ತಿ

ಮಾನವರನ್ನೊಳಗೊಂಡ ಸಂಶೋಧನೆ ಎಂದೊಡನೆ ಔಷಧಪ್ರಯೋಗವೂ ಆಸ್ಪತ್ರೆಯೂ ನೆನಪಿಗೆ ಬರುವುದು ಸಹಜ. ವಸ್ತುತಃ ಅದರ ವ್ಯಾಪ್ತಿ ಇದಕ್ಕಿಂತ ವಿಶಾಲವಾದುದು. ಅದರ ಎಲ್ಲೆಯನ್ನು ಗುರುತಿಸುವುದು ಕೇವಲ ಪರಿಭಾಷೆಯ ಚರ್ಚೆಯಲ್ಲ. ಯಾರ ಒಪ್ಪಿಗೆಯನ್ನು ಕೇಳಲೇಬೇಕು ಎಂಬುದು ಆ ಎಲ್ಲೆಯನ್ನೇ ಅವಲಂಬಿಸಿದೆ.

ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಮುಖ್ಯವಾಗಿ ಎರಡು. ಮೊದಲನೆಯದು ಉದ್ದೇಶವನ್ನು ಕುರಿತದ್ದು. ವೈದ್ಯನು ರೋಗಿಯ ರಕ್ತವನ್ನು ಆ ರೋಗಿಯ ಹಿತಕ್ಕಾಗಿ ಪರೀಕ್ಷಿಸಿದರೆ ಅದು ಚಿಕಿತ್ಸೆ. ಅದೇ ರಕ್ತದಿಂದ ಇತರರಿಗೂ ಅನ್ವಯಿಸುವ ತತ್ತ್ವವೊಂದನ್ನು ಕ್ರಮಬದ್ಧವಾಗಿ ಅರಸಿದರೆ ಅದು ಸಂಶೋಧನೆ. ಎರಡನೆಯ ಪ್ರಶ್ನೆ ಜ್ಞಾನದ ಮೂಲವನ್ನು ಕುರಿತದ್ದು. ಬದುಕಿರುವ ವ್ಯಕ್ತಿಯಿಂದ, ಅಥವಾ ಆತನ ಗುರುತು ಹತ್ತುವಂತಹ ಖಾಸಗಿ ದಾಖಲೆಯಿಂದ ಅದು ದೊರೆತಿದೆಯೆ? ದೊರೆತಿದ್ದರೆ, ದೇಹವನ್ನು ಮುಟ್ಟದಿದ್ದರೂ ಆ ವ್ಯಕ್ತಿ ಸಂಶೋಧನೆಯೊಳಗೆ ಸೇರಿದಂತೆಯೇ.

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನಡೆದುದು ಇದಕ್ಕೆ ದಾರುಣ ನಿದರ್ಶನ. ಅಲ್ಲಿ ಸರಕಾರದ ಸಾರ್ವಜನಿಕ ಆರೋಗ್ಯ ಇಲಾಖೆಯು ಸುಮಾರು 600 ಮಂದಿ ಕಪ್ಪು ಜನಾಂಗದ ಪುರುಷರನ್ನು ನಿರೀಕ್ಷಣೆಯಲ್ಲಿರಿಸಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿದ್ದಿತು. ರೋಗದ ಗತಿಯನ್ನು ಕಾಣುವುದೇ ಅಧ್ಯಯನದ ಗುರಿಯಾಗಿದ್ದಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೂ ಅದನ್ನು ಅವರಿಗೆ ಕೊಡಲಿಲ್ಲ. ನಿಜಸ್ಥಿತಿಯನ್ನು ತಿಳಿಸಲೂ ಇಲ್ಲ. ಬರಿಯ ನೋಟವೂ ಮನುಷ್ಯನಿಗೆ ಎಂತಹ ಅಪಾಯವನ್ನು ತರಬಲ್ಲುದೆಂಬುದನ್ನು ಜಗತ್ತು ಇದರಿಂದ ಅರಿಯಿತು.

ಹಾಗೆಂದು ಮನುಷ್ಯರೊಡನೆ ನಡೆಸಿದ ಮಾತುಕತೆಯೆಲ್ಲವೂ ಈ ವರ್ಗಕ್ಕೆ ಸೇರುವುದಿಲ್ಲ. ಅಮೆರಿಕದ ನಿಯಮಗಳು 2017ರಲ್ಲಿ ಪರಿಷ್ಕೃತವಾದಾಗ, ನಿರ್ದಿಷ್ಟ ವ್ಯಕ್ತಿಯನ್ನೇ ಕುರಿತ ಜೀವನಚರಿತ್ರೆ, ಮೌಖಿಕ ಇತಿಹಾಸ, ಪತ್ರಿಕಾವರದಿಗಳನ್ನು ಹೊರಗಿರಿಸಲಾಯಿತು. ಈ ಭೇದ ಹೊರನಾಡಿನ ಕನ್ನಡ ಸಂಘಗಳಿಗೂ ಪ್ರಸ್ತುತವಾದುದು. ಮುಂಬಯಿಗೆ ಬಂದು ನೆಲಸಿದ ಲೇಖಕನೊಬ್ಬನ ಜೀವನವೃತ್ತಾಂತವನ್ನು ಬರೆದುಕೊಳ್ಳುವುದು ಒಂದು ಬಗೆ; ನೂರು ಮನೆಗಳಿಗೆ ಪ್ರಶ್ನಾವಳಿಯನ್ನು ಒಯ್ದು, ವಲಸೆಬಂದವರ ಮಕ್ಕಳಲ್ಲಿ ಕನ್ನಡ ಎಷ್ಟು ಉಳಿದಿದೆಯೆಂದು ಸಾಮಾನ್ಯ ನಿರ್ಣಯಕ್ಕೆ ಬರುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಉತ್ತರಿಸಿದವರು ಸಂಶೋಧನೆಯ ಭಾಗಿಗಳೇ ಆಗುತ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2000ದಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಹೆಸರಿನಲ್ಲಿ ಮಾನವ 'ಸಬ್ಜೆಕ್ಟ್' ಎಂಬ ಪದವಿದ್ದಿತು. 2006ರ ಆವೃತ್ತಿಯಲ್ಲಿ ಅದರ ಸ್ಥಾನಕ್ಕೆ 'ಪಾರ್ಟಿಸಿಪೆಂಟ್', ಎಂದರೆ ಭಾಗಿ, ಎಂಬ ಪದ ಬಂದಿತು. ಒಳಪಟ್ಟವನಿಗೂ ಭಾಗಿಯಾದವನಿಗೂ ಇರುವ ಅಂತರ ದೊಡ್ಡದು. ಭಾಗಿಯಾದವನು ಉದ್ದೇಶವೇನೆಂದು ಕೇಳಬಲ್ಲ, ಒಲ್ಲೆನೆನ್ನಬಲ್ಲ, ನಡುವೆಯೇ ಹಿಂದೆ ಸರಿಯಬಲ್ಲ. ಸಂಶೋಧನೆಯ ವ್ಯಾಪ್ತಿಯನ್ನು ಸರಿಯಾಗಿ ಗುರುತಿಸುವುದರ ಪ್ರಯೋಜನ ಇದೇ.